ಮಳೆ ದೇವರದು, ನೀರಿನ ಪಾಳಿ ನಮ್ಮದು

ಮುಂಗಾರು ತಡವಾದಾಗ ಯಾದಗಿರಿ, ಶಹಾಪುರ, ಸುರಪುರ ಭಾಗದ ನಮ್ಮ ಮನೆಗಳಲ್ಲಿ ಜಪಮಾಲೆಯ ಕೊನೆಗೆ ಮಳೆಗಾಗಿ ಒಂದು ಪ್ರಾರ್ಥನೆ ಸೇರಿಕೊಳ್ಳುವುದು ಸಹಜ. ಅದು ಯೋಗ್ಯವೂ ಹೌದು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಬೆಟ್ಟಗಳ ಮೇಲೆ ಮಳೆ ಸುರಿಸುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ. ಆ ನೀರು ನಮ್ಮ ಗಳಿಕೆಯಲ್ಲ, ಸೃಷ್ಟಿಕರ್ತರ ದಾನ.

ಆದರೆ ಅದೇ ನೀರು ನಾರಾಯಣಪುರದ ಬಸವಸಾಗರವನ್ನು ತುಂಬಿ ಎಡದಂಡೆ ಕಾಲುವೆಗೆ ಇಳಿದ ಮೇಲೆ ನಡೆಯುವುದೆಲ್ಲವೂ ದೇವರ ಚಿತ್ತವೇ? ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ರೂಪಿಸಿದವರು, ಬರದ ನಾಡಿನ ಹೆಚ್ಚು ಹೊಲಗಳಿಗೆ ಮಿತವಾಗಿ ನೀರು ಮುಟ್ಟಲೆಂದು ಲಘು ನೀರಾವರಿ ಬೆಳೆಗಳನ್ನು ಉದ್ದೇಶಿಸಿದ್ದರು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಒಂದೆಡೆ ನೀರು ನಿಂತು ಎರೆಭೂಮಿ ಸವುಳು-ಜವುಳಾಯಿತು. ಇನ್ನೊಂದೆಡೆ ಕೊನೆಯ ಭಾಗದ ರೈತ ಒಣಗುವ ಬೆಳೆಯ ಮುಂದೆ ನಿಂತ. ವಾರಾಬಂದಿಯ ಪಾಳಿ ಮೀರಿ ನೀರು ತಿರುಗಿಸಿಕೊಂಡವನು ತನ್ನ ಸುಗ್ಗಿಯನ್ನು ದೇವರ ದಯೆ ಎನ್ನುವುದೂ, ಕೆಳಗಿನವನ ನಷ್ಟವನ್ನು ದೇವರ ಚಿತ್ತ ಎನ್ನುವುದೂ ವಿಶ್ವಾಸವಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ಪೂಜಾರಿಯ ಸ್ಥಾನದಲ್ಲಿ ನಿಂತವರು ಯಾರೆಂದು ನಾವು ಕೇಳಿಕೊಳ್ಳಬೇಕು.

ದೇವರು ತಮ್ಮ ಯೋಜನೆಯ ಒಡೆಯರು. ಆದರೂ ಅದನ್ನು ನೆರವೇರಿಸಲು ಮನುಷ್ಯರ ಬುದ್ಧಿ, ಸ್ವಾತಂತ್ರ್ಯ, ದುಡಿಮೆಗಳನ್ನು ಬಳಸಿಕೊಳ್ಳುತ್ತಾರೆ ಎಂಬುದು ಧರ್ಮಸಭೆಯ ಬೋಧನೆ. ಅದು ಅವರ ಕೊರತೆಯಲ್ಲ, ನಮಗಿತ್ತ ಘನತೆ. ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ನೆಟ್ಟವನನ್ನೂ ನೀರೆರೆದವನನ್ನೂ ಬೆಳೆಸಿದ ದೇವರನ್ನೂ ಒಟ್ಟಿಗೆ ನೆನೆಯುತ್ತಾರೆ. ಬೆಳೆಸುವವರು ದೇವರೆಂದು ನೀರೆರೆಯುವವನು ಕೈಕಟ್ಟಿ ಕೂರುವಂತಿಲ್ಲ. ನೀರೆರೆದೆನೆಂದು ಫಲದ ಒಡೆತನ ಸಾರುವಂತೆಯೂ ಇಲ್ಲ. ದೇವಾಲಯದ ಶಿಖರದಿಂದ ಧುಮುಕಲು ಸೈತಾನನು ಪ್ರೇರೇಪಿಸಿದಾಗ ಪ್ರಭು ಯೇಸು ಒಪ್ಪಲಿಲ್ಲ. ದೇವರಲ್ಲಿ ಭರವಸೆ ಬೇರೆ, ದೇವರನ್ನು ಪರೀಕ್ಷಿಸುವುದು ಬೇರೆ.

ಇದಕ್ಕೆ ಇನ್ನೊಂದು ಮುಖವೂ ಉಂಟು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದಾಗ ಸೋಮಾರಿಯ ಹೊಲ, ಶ್ರಮಜೀವಿಯ ಹೊಲ ಎಂಬ ಭೇದ ನೆರೆಗೆ ಇರಲಿಲ್ಲ. ಎಲ್ಲವೂ ತನ್ನ ದುಡಿಮೆಯಿಂದಲೇ ಎಂದು ನಂಬಿದವನಿಗೆ ಇಂಥ ಹೊತ್ತಿನಲ್ಲಿ ಸಾಲ ಬೆಟ್ಟವಾಗುತ್ತದೆ, ಬದುಕೇ ಬೇಡವೆನಿಸುತ್ತದೆ. ಅವನ ಪ್ರಾರ್ಥನೆ ಸಾಲದಾಯಿತೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಕೈಮೀರಿದ್ದನ್ನು ದೇವರ ಕೈಗೊಪ್ಪಿಸಿ ನಿಶ್ಚಿಂತೆಯಾಗಿ ಮಲಗುವುದು ಭರವಸೆ. ಅವನ ಮನೆಯ ಬಾಗಿಲಿಗೆ ಹೋಗಿ ಜೊತೆಗೆ ಕೂರುವುದು, ಬೀಜಕ್ಕೆ ಕೈಲಾದಷ್ಟು ನೆರವಾಗುವುದು ನಮ್ಮ ಹೊಣೆ. ದೇವರ ಪರಿಪಾಲನೆ ಅನೇಕ ಸಲ ನೆರೆಯವನ ಕೈಯಿಂದಲೇ ಬರುತ್ತದೆ.

ಆದಕಾರಣ ಮಳೆಗಾಗಿ ಬೇಡೋಣ. ಬೇಡಿದ ಮೇಲೆ ಹೊಲಗಾಲುವೆಯ ಹೂಳನ್ನೂ ಕೂಡಿ ತೆಗೆಯೋಣ. ನೀರು ಬಳಕೆದಾರರ ಸಂಘದ ಸಭೆಗೆ ಹೋಗೋಣ, ಪಾಳಿಗೆ ತಲೆಬಾಗೋಣ. ಮೊಣಕಾಲೂರಿ ಬೇಡಿದ ನೀರನ್ನು ಕೆಳಗಿನ ಹೊಲದವನಿಗೆ ಬಿಟ್ಟುಕೊಡುವುದೂ ಪ್ರಾರ್ಥನೆಯೇ.