ಮೊದಲ ನಿಮಿಷದ ಥಂಡಿ

ಸಂಕ್ರಾಂತಿಗೆ ಬೆಂಗಳೂರಿನಿಂದ ಬಂದ ಮೊಮ್ಮಗ ಚೀಲದಿಂದ ಮೊದಲು ಹೊರಗೆ ತೆಗೆದದ್ದು ಈಜುವ ಕನ್ನಡಕ, ಆಮೇಲೆ ರಬ್ಬರಿನ ಟೊಪ್ಪಿಗೆ. ಹನ್ನೆರಡು ವರ್ಷದ ಹುಡುಗ. ಎರಡು ವರ್ಷಗಳಿಂದ ಫೀ ಕೊಟ್ಟು ಈಜು ಕಲಿಯುತ್ತಿದ್ದಾನೆ. ‘ಅಜ್ಜಾ, ನಿಮ್ಮ ಮುಂಡರಗಿಯಲ್ಲಿ ಸ್ವಿಮ್ಮಿಂಗ್ ಪೂಲ್ ಇದೆಯಾ?’ ಎಂದು ಕೇಳಿದ.

‘ಐತಿ. ಮ್ಯಾಲೆ ಸೂರಿಲ್ಲ, ಕೆಳಗ ತಳಾ ಕಾಣ್ಸಂಗಿಲ್ಲ, ಟಿಕೀಟೂ ಇಲ್ಲ’ ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಮರುದಿನ ಬೆಳಗಿನ ಜಾವ ಅವನನ್ನು ಎಬ್ಬಿಸಿ, ಕಪ್ಪತಗುಡ್ಡದ ಕಡೆಗಿರುವ ನಮ್ಮ ಮಸಾರಿ ಹೊಲಕ್ಕೆ ಕರೆದುಕೊಂಡು ಹೋದೆ. ಜೊತೆಗೆ ನನ್ನ ತಂಗಿ, ಅವಳ ಮೊಮ್ಮಗಳೂ ಬಂದರು. ಆ ಹುಡುಗಿಗೂ ಹನ್ನೆರಡೇ. ಬಂದದ್ದು ಈಸುವುದಕ್ಕಲ್ಲ, ಅಣ್ಣನ ಬಟ್ಟೆ ಹಿಡಿದುಕೊಂಡು ದಂಡೆಯ ಮೇಲೆ ನಿಲ್ಲುವುದಕ್ಕೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನಮ್ಮ ಕಡೆ ಈಜು ಎನ್ನುವುದಿಲ್ಲ, ಈಸು ಎನ್ನುತ್ತೇವೆ. ಈಸುವುದು ಎಂದರೆ ಹೊಲದ ಬಾವಿ. ಕಲ್ಲಿನಿಂದ ಕಟ್ಟಿದ ನಾಲ್ಕು ಗೋಡೆ, ಒಂದು ಬದಿಗೆ ಸವೆದ ಮೆಟ್ಟಿಲು, ಕೆಳಗೆ ಹಸಿರುಗಪ್ಪು ನೀರು. ನಮ್ಮ ಗದಗ ಜಿಲ್ಲೆಯವರಿಗೆ ಬಾವಿಯ ಬಗ್ಗೆ ಸ್ವಲ್ಪ ಜಂಬ ಜಾಸ್ತಿ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂದು ಹೇಳಿಕೊಂಡು ಬೆಳೆದವರು ನಾವು. ಅಲ್ಲಿಯ ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯನ್ನು ನೋಡಿದವರು, ನೀರಿಗೆ ಇಳಿಯುವುದೂ ಗುಡಿಗೆ ಹೋಗುವಷ್ಟೇ ಮರ್ಯಾದೆಯ ಕೆಲಸ ಎಂದು ಒಪ್ಪುತ್ತಾರೆ. ನಮ್ಮ ಹೊಲದ ಬಾವಿಗೆ ಅಂಥ ಚಂದವಿಲ್ಲ. ಆದರೆ ಹೋದ ವರ್ಷ ಮಳೆ ಕೈಹಿಡಿದಿತ್ತು, ನೀರಿತ್ತು. ಈ ಕಾಲದಲ್ಲಿ ಬಾವಿಗೆ ಅದೇ ದೊಡ್ಡ ಚಂದ.

ನನಗೆ ಈಸಲು ಕಲಿಸಿದವನು ನಮ್ಮ ಕಾಕಾ. 1960ರ ದಶಕದ ಮಾತು. ಬೆನ್ನಿಗೆ ಒಣಗಿದ ಸೋರೆಬುರುಡೆ, ನಡುವಿಗೆ ಹಗ್ಗ, ಹಗ್ಗದ ತುದಿ ಕಾಕಾನ ಕೈಯಲ್ಲಿ. ಇದಿಷ್ಟೇ ಶಾಲೆಯ ಸಾಮಾನು. ಪಾಠಗಳೂ ಮೂರೇ. ಒಂದನೆಯದು, ಧಡಕ್ಕನೆ ಹಾರಬಾರದು. ಮೆಟ್ಟಿಲ ಮೇಲೆ ನಿಂತು ಕಾಲು, ಎದೆ, ಕುತ್ತಿಗೆಗೆ ನೀರು ಚಿಮುಕಿಸಿಕೊಂಡು ಇಳಿಯಬೇಕು. ಎರಡನೆಯದು, ಉಸಿರು ಹಿಡಿಯಬಾರದು, ಬಿಡಬೇಕು. ಮೂರನೆಯದು, ಗಾಬರಿಯಾದರೆ ಕೈಕಾಲು ಬಡಿಯದೆ ಅಂಗಾತ ಬೀಳಬೇಕು. ‘ನೀರಿನ ಕೂಡ ಜಗಳಾ ತಗೀಬ್ಯಾಡ. ಮೊದಲ ಅದು ನಿನ್ನ ಹೆದರಸ್ತೈತಿ. ನೂರು ಎಣಸು. ಆಮ್ಯಾಲ ಅದ ನಿನ್ನ ಹೊತಗೊಂಡು ನಿಂದರತೈತಿ’ ಎನ್ನುತ್ತಿದ್ದ. ನಾಲ್ಕನೆಯ ಇಯತ್ತೆ ದಾಟದ ಮನುಷ್ಯ. ಅವನ ಮಾತು ಎಷ್ಟು ಸರಿಯಾಗಿತ್ತೆಂಬುದು ನನಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ.

ಅಂದು ಬೆಳಿಗ್ಗೆ ಮೊಮ್ಮಗ ಮೆಟ್ಟಿಲಿಳಿದು ನೀರಿನಲ್ಲಿ ಕೈ ಅದ್ದಿ, ‘ಬೆಚ್ಚಗಿದೆ ಅಜ್ಜಾ!’ ಎಂದ. ನಿಜವೇ. ಜನವರಿಯ ಮುಂಜಾವಿನಲ್ಲಿ ನಮ್ಮ ಬಯಲಿನ ಗಾಳಿ ಹಲ್ಲು ಕಟಕಟ ಎನ್ನಿಸುತ್ತದೆ, ಬಾವಿಯ ಮೇಲೆ ಮಾತ್ರ ತೆಳ್ಳಗೆ ಹಬೆ ಆಡುತ್ತಿರುತ್ತದೆ. ನೆಲದೊಳಗಿನ ನೀರು ವರ್ಷದುದ್ದಕ್ಕೂ ಆ ಊರಿನ ಸರಾಸರಿ ಉಷ್ಣಾಂಶದ ಆಸುಪಾಸಿನಲ್ಲೇ ಇರುತ್ತದೆ. ಹೀಗಾಗಿ ಚಳಿಗಾಲದ ನಸುಕಿನಲ್ಲಿ ಬೆಚ್ಚಗೆ, ಬೇಸಿಗೆಯ ಮಧ್ಯಾಹ್ನ ತಣ್ಣಗೆ. ಆದರೆ ಕೈಗೆ ಬೆಚ್ಚಗಾದ ನೀರು ಮೈಗೆ ಬೆಚ್ಚಗಿರಬೇಕೆಂದೇನಿಲ್ಲ. ನಮ್ಮ ಚರ್ಮದ ಬಿಸಿ ಸುಮಾರು 33 ಡಿಗ್ರಿ. ಅದಕ್ಕಿಂತ ಕೆಳಗಿರುವ ನೀರು ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಅದೂ ಗಾಳಿಗಿಂತ ಸುಮಾರು 25 ಪಟ್ಟು ಬೇಗ. ಇದನ್ನೆಲ್ಲ ಹೇಳುವಷ್ಟರಲ್ಲಿ ನಮ್ಮ ವೀರ ಕನ್ನಡಕ ಏರಿಸಿ ಮೂರನೆಯ ಮೆಟ್ಟಿಲಿನಿಂದ ಹಾರಿಬಿಟ್ಟಿದ್ದ.

ಮೇಲೆ ಬಂದವನ ಮುಖ ನೋಡಬೇಕಿತ್ತು. ಬಾಯಿ ತೆರೆದಿದೆ, ಮಾತಿಲ್ಲ. ಉಸಿರು ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ. ಎರಡು ವರ್ಷ ಕಲಿತ ಕೈಬೀಸು ಯಾವುದೂ ನೆನಪಿಲ್ಲ, ಬೆಕ್ಕಿನ ಮರಿಯಂತೆ ನೀರು ಪರಚುತ್ತಿದ್ದಾನೆ. ಅಲ್ಲಿ ಪೂಲಿನಲ್ಲಿ ದಣಿದರೆ ಕಾಲೂರಲು ತಳವಿತ್ತು, ಹಿಡಿಯಲು ಕಂಬಿ ಇತ್ತು. ಇಲ್ಲಿ ಪಾಚಿಗಟ್ಟಿದ ಕಲ್ಲು, ಕೆಳಗೆ ಕತ್ತಲೆ. ನಾನು ಹಗ್ಗ ಎಸೆದು, ‘ಅಂಗಾತ ಬೀಳು! ಉಸರ ಬಿಡು! ಎಣಸು!’ ಎಂದು ಕೂಗಿದೆ. ಕಾಕಾನ ದನಿಯೇ ಬಾವಿಯೊಳಗಿಂದ ತಿರುಗಿ ಬಂದಂತಾಯಿತು. ಹುಡುಗ ಕಿವಿ ಮುಳುಗುವಂತೆ ತಲೆ ಹಿಂದಕ್ಕೆ ಚೆಲ್ಲಿ ಬಿದ್ದುಕೊಂಡ. ಒಂದು ನಿಮಿಷವಾಗಿರಬಹುದು. ಎದೆ ಏರಿಳಿಯುವುದು ನಿಧಾನವಾಯಿತು. ಎರಡನೆಯ ನಿಮಿಷಕ್ಕೆ, ‘ಅಜ್ಜಾ, ಆಕಾಶ ಚೌಕ ಕಾಣ್ತಿದೆ’ ಎಂದ.

ವೈದ್ಯಶಾಸ್ತ್ರ ಇದಕ್ಕೆ ತಣ್ಣೀರಿನ ಆಘಾತ ಎನ್ನುತ್ತದೆ. ಚರ್ಮಕ್ಕೆ ಥಟ್ಟನೆ ತಂಪು ತಗುಲಿದಾಗ ನಮ್ಮ ಅಪ್ಪಣೆ ಕೇಳದೆ ಉಸಿರು ಸೆಳೆಯುತ್ತದೆ, ಎದೆಬಡಿತ ಏರುತ್ತದೆ. ಆಗ ಬಾಯಿ ನೀರಿನೊಳಗಿದ್ದರೆ ಮುಗಿಯಿತು. ಆದರೆ ಈ ಆಘಾತ ಒಂದರಿಂದ ಮೂರು ನಿಮಿಷದಲ್ಲಿ ಇಳಿಯುತ್ತದೆ. ಬ್ರಿಟನ್ನಿನ ಕಡಲತೀರದಲ್ಲಿ ಮುಳುಗುವವರನ್ನು ಉಳಿಸುವ ಆರ್‌ಎನ್‌ಎಲ್‌ಐ ಎಂಬ ಹಳೆಯ ಸಂಸ್ಥೆ ಈಗ ಎಲ್ಲರಿಗೂ ಹೇಳುವುದು ಒಂದೇ ಮಾತು: ಈಜಲು ಹೋಗಬೇಡಿ, ಮೊದಲು ತಲೆ ಹಿಂದಕ್ಕೆ ಹಾಕಿ, ಕಿವಿ ಮುಳುಗಿಸಿ ತೇಲಿರಿ, ಉಸಿರು ಹತೋಟಿಗೆ ಬರಲಿ. ಓದಿದಾಗ ನನಗೆ ನಗು ಬಂತು. ನಮ್ಮ ಕಾಕಾ ಇದನ್ನು ಸೋರೆಬುರುಡೆಯ ಕಾಲದಲ್ಲೇ ಹೇಳಿದ್ದನಲ್ಲ! ಒಂದು ಎಚ್ಚರಿಕೆ ಮಾತ್ರ ಅವನು ಹೇಳಿರಲಿಲ್ಲ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ಡಾಕ್ಟರನ್ನು ಕೇಳದೆ ತಣ್ಣೀರಿಗೆ ಹಾರಬಾರದು. ನಾನೂ ಈಗ ಮೆಟ್ಟಿಲ ಗಿರಾಕಿ.

ಇಷ್ಟು ಕಷ್ಟಪಟ್ಟು ಯಾಕೆ ಇಳಿಯಬೇಕು ಎಂದು ನೀವು ಕೇಳಬಹುದು. ಇಳಿದವರಿಗೇ ಗೊತ್ತು. ಏಪ್ರಿಲ್‌ನ ಮಧ್ಯಾಹ್ನ ಎರೆಹೊಲ ಬಿರುಕು ಬಿಟ್ಟು ಹಬೆಯಾಡುತ್ತಿರುವಾಗ ಬಾವಿಗೆ ಇಳಿಯಿರಿ. ಮೇಲಿನ ಒಂದು ಮೊಳ ನೀರು ಬೆಚ್ಚಗೆ, ಕಾಲಿನ ಹತ್ತಿರ ತಣ್ಣಗೆ, ಮುಳುಗಿದರೆ ಇನ್ನೂ ತಣ್ಣಗೆ. ಒಂದೇ ಬಾವಿಯಲ್ಲಿ ಮೂರು ಋತು. ಗೋಡೆಯ ಗೂಡಿನಿಂದ ಪಾರಿವಾಳ ಪಟಪಟನೆ ಏಳುತ್ತವೆ. ಬಾಗಿದ ಜಾಲಿಯ ಟೊಂಗೆಯಲ್ಲಿ ಗೀಜಗನ ಗೂಡು ತೂಗುತ್ತದೆ. ಸುಮ್ಮನೆ ನಿಂತರೆ ಸಣ್ಣ ಮೀನು ಹಿಮ್ಮಡಿ ಕಚ್ಚಿ ಕಚಗುಳಿ ಇಡುತ್ತದೆ. ಮೇಲೆ ಬಂದು ಕಾದ ಬಂಡೆಗೆ ಹೊಟ್ಟೆ ಹಚ್ಚಿ ಮಲಗಿದರೆ ಸಿಗುವ ಸುಖಕ್ಕೆ ಹೆಸರಿಲ್ಲ. ಅದರ ಹಿಂದೆಯೇ ಹಸಿವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಇದ್ದರಂತೂ ಕೇಳುವುದೇ ಬೇಡ. ನಮ್ಮವರು ಸಂಕ್ರಾಂತಿಗೆ ಕೊರ್ಲಹಳ್ಳಿ, ಹಮ್ಮಿಗಿ, ಶಿಂಗಟಾಲೂರು ಎಂದು ತುಂಗಭದ್ರೆಯ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗುವುದು ಪುಣ್ಯಕ್ಕೋ ಮಾದ್ಲಿಗೋ ಎಂಬ ಅನುಮಾನ ನನಗಿದೆ. ತಣ್ಣೀರು ಎರಡಕ್ಕೂ ದಾರಿ ಮಾಡಿಕೊಡುತ್ತದೆ.

ಈ ಹುಚ್ಚು ನಮಗೊಬ್ಬರಿಗೇ ಅಲ್ಲ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸರ್ಪೆಂಟೈನ್ ಎಂಬ ಕೆರೆ ಇದೆ. ಅಲ್ಲಿ 1864ರಿಂದ ಕ್ರಿಸ್‌ಮಸ್ ದಿನ ಬೆಳಿಗ್ಗೆ ನಡುಗುವ ನೀರಿನಲ್ಲಿ ಈಜಿನ ಪಂದ್ಯ ನಡೆದುಕೊಂಡು ಬಂದಿದೆ. ಪೀಟರ್ ಪ್ಯಾನ್ ಕಥೆ ಬರೆದ ಜೆ. ಎಂ. ಬ್ಯಾರಿ 1904ರಲ್ಲಿ ಗೆದ್ದವರಿಗೆ ಕಪ್ ಕೊಟ್ಟ. ಇಂಗ್ಲಿಷ್ ಕಾಲುವೆಯ ಥಂಡಿ ನೀರನ್ನು ನಮ್ಮ ಮಿಹಿರ್ ಸೇನ್ 1958ರಲ್ಲಿ, ಆರತಿ ಸಾಹಾ 1959ರಲ್ಲಿ ಈಜಿ ದಾಟಿದರು. ಕನ್ನಡನಾಡಿನವರೂ ಈಜಿನಲ್ಲಿ ಹಿಂದಿಲ್ಲ. ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದರು, ಶ್ರೀಹರಿ ನಟರಾಜ್ ಟೋಕಿಯೊಗೂ ಪ್ಯಾರಿಸ್‌ಗೂ ಹೋದರು, ಧಿನಿಧಿ ದೇಸಿಂಗು 14ನೆಯ ವಯಸ್ಸಿಗೇ 2024ರ ಪ್ಯಾರಿಸ್ ಕಂಡಳು. ಎಲ್ಲರೂ ಬೆಂಗಳೂರಿನ ಕೊಳಗಳಲ್ಲಿ ಪಳಗಿದವರು. ಸಂತೋಷವೇ. ಆದರೆ ನಮ್ಮ ಹಳ್ಳಿಯ ಮಕ್ಕಳಿಗೆ ಬೇಕಾದದ್ದು ಪದಕವಲ್ಲ, ದಡ.

ಯಾಕೆಂದರೆ ಬಾವಿಗಳು ಹೋದವು. ಬೋರ್‌ವೆಲ್ ಆಳಕ್ಕಿಳಿದಂತೆ ತೆರೆದ ಬಾವಿಗಳ ನೀರು ಬತ್ತಿತು. ಕೆಲವಕ್ಕೆ ಕಸ ತುಂಬಿದರು, ಕೆಲವನ್ನು ಮುಚ್ಚಿದರು. ಬಾವಿಯ ಜೊತೆಗೆ ಹಗ್ಗ ಹಿಡಿಯುವ ಕಾಕಾಗಳೂ ಹೋದರು. ನೀರು ಮಾತ್ರ ಬೇರೆ ರೂಪದಲ್ಲಿ ಬಂತು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮಂಥ ಒಣಬೇಸಾಯದ ಸೀಮೆಯಲ್ಲಿ ಕೃಷಿಹೊಂಡಗಳು ಎದ್ದವು. ಮಳೆ ಕೈಕೊಟ್ಟಾಗ ಬೆಳೆ ಉಳಿಸುವ ಹೊಂಡ ಅದು, ನಾನು ಅದನ್ನು ದೂರುವವನಲ್ಲ. ಆದರೆ ನೀರು ಇಂಗದಿರಲೆಂದು ಇಳಿಜಾರಿನ ಬದಿಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಅದು ನೆನೆದರೆ, ಪಾಚಿ ಹಿಡಿದರೆ, ಬಾಳೆಹಣ್ಣಿನ ಸಿಪ್ಪೆಗಿಂತ ಜಾರು. ಬಿದ್ದವನು ಈಸುಬಲ್ಲವನಾದರೂ ಹತ್ತಿ ಬರಲಾರ. ಬಾವಿಗೆ ಮೆಟ್ಟಿಲಿತ್ತು, ಇದಕ್ಕಿಲ್ಲ. ಬಿದ್ದ ತಮ್ಮನನ್ನು ಹಿಡಿಯಲು ಹೋದ ಅಕ್ಕ, ಅಕ್ಕನ ಹಿಂದೆ ತಾಯಿ ಎಂಬಂಥ ಸುದ್ದಿಯನ್ನು ಇದೇ ಪತ್ರಿಕೆಯ ಮೂಲೆಯಲ್ಲಿ ನೀವೂ ಓದಿರುತ್ತೀರಿ.

ಲೆಕ್ಕ ಕೇಳಿದರೆ ಎದೆ ಒಣಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಹತ್ತರಲ್ಲಿ ಒಂಬತ್ತು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಶಾಲೆಯ ವಯಸ್ಸಿನ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರ ಕಲಿಸಿರಿ ಎಂದು ಅದೇ ಸಂಸ್ಥೆ ಹೇಳುತ್ತದೆ. ಕಲಿಸುವುದಕ್ಕೆ ಒಲಿಂಪಿಕ್ ಕೊಳ ಬೇಕಾಗಿಲ್ಲ. ಅಲ್ಲಿಯವರೆಗೆ ಹೊಂಡದ ಯಜಮಾನರು ಒಂದಿಷ್ಟು ಮಾಡಬಹುದು. ಸುತ್ತ ತಂತಿಬೇಲಿ ಹಾಕಿಸಿರಿ. ನಾಲ್ಕೂ ಬದಿಗೆ ಗೂಟ ನೆಟ್ಟು ಗಂಟು ಹಾಕಿದ ಹಗ್ಗ ನೀರಿನವರೆಗೆ ಇಳಿಬಿಡಿ. ಗಾಳಿ ತುಂಬಿದ ಹಳೆಯ ಟ್ಯೂಬೊಂದು ತೇಲುತ್ತಿರಲಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಸೀರೆ, ಧೋತರ, ಗಳ, ಕೈಗೆ ಸಿಕ್ಕದ್ದನ್ನು ದಂಡೆಯ ಮೇಲೆ ಮಲಗಿಕೊಂಡು ಚಾಚಿರಿ. ಹಾಳುಬಾವಿಗಂತೂ ಯಾರೂ ಇಳಿಯಬಾರದು. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ, ಮೋಟಾರಿನ ಬಿಚ್ಚಿದ ವಾಯರ್ ಇರಬಹುದು, ನೀರಿನಡಿ ಕಲ್ಲು ಕಾಣುವುದಿಲ್ಲ.

ಬಾವಿಯ ಕಾಲವೆಲ್ಲ ಚಿನ್ನದ ಕಾಲವೆಂದು ನಾನು ಹೇಳುತ್ತಿಲ್ಲ. ಎಲ್ಲ ಓಣಿಯ ಹುಡುಗರಿಗೂ ಎಲ್ಲ ಬಾವಿಯೂ ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಯಾವುದೂ ತೆರೆದಿರಲಿಲ್ಲ. ನನ್ನ ತಂಗಿ ನನಗಿಂತ ಗಟ್ಟಿಗಿತ್ತಿ. ಕಾಕಾನ ಮೂರು ಪಾಠವೂ ಅವಳಿಗೆ ಬಾಯಿಪಾಠ. ಆದರೆ ಅವಳು ಒಂದು ದಿನವೂ ನೀರಿಗಿಳಿಯಲಿಲ್ಲ. ನಮ್ಮ ಅಂಗಿ ಚಡ್ಡಿ ಮಡಿಲಲ್ಲಿಟ್ಟುಕೊಂಡು ದಂಡೆಯ ಮೇಲೆ ಕೂತಳು. ಜೀವನವಿಡೀ ಹಳ್ಳ, ಹೊಳೆ, ಕಾಲುವೆಯ ದಂಡೆಯಲ್ಲಿ ಬಟ್ಟೆ ಒಗೆದವಳು ಅವಳು. ಕಾಲು ಜಾರಿದ್ದರೆ? ಈ ಪ್ರಶ್ನೆ ನನಗೆ ಅರವತ್ತು ವರ್ಷ ಹೊಳೆಯಲೇ ಇಲ್ಲ.

ಅಂದು ಬೆಳಿಗ್ಗೆ ಅದು ಹೊಳೆಯಿತು. ಮೊಮ್ಮಗ ಮೇಲೆ ಬಂದು ನಡುಗುತ್ತ ಟವೆಲ್ ಸುತ್ತಿಕೊಂಡ. ಬಟ್ಟೆ ಹಿಡಿದು ನಿಂತ ಹುಡುಗಿ ಬಾವಿಯನ್ನೇ ನೋಡುತ್ತಿದ್ದಳು. ಅವಳ ಹಿಂದೆ ಅವಳ ಅಜ್ಜಿ. ಅದೇ ದಂಡೆ, ಅದೇ ಮಡಿಲು. ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ತಂಗಿಯೇ, ‘ಯಣ್ಣಾ, ಈಕಿಗೂ ಕಲಸು. ನಾ ಹಗ್ಗಾ ಹಿಡೀತೀನಿ’ ಎಂದಳು.

ಸೋರೆಬುರುಡೆ ಎಲ್ಲಿ ಸಿಗಬೇಕು? ಮರುದಿನ ಎರಡು ಖಾಲಿ ಎಣ್ಣೆ ಕ್ಯಾನಿನ ಮುಚ್ಚಳ ಬಿಗಿದು ಹುಡುಗಿಯ ಬೆನ್ನಿಗೆ ಕಟ್ಟಿದೆವು. ಚೂಡಿದಾರದಲ್ಲೇ ಒಂದೊಂದೇ ಮೆಟ್ಟಿಲು ಇಳಿದಳು. ನೀರು ನಡು ಮುಟ್ಟಿದಾಗ ಹಾ ಎಂದು ಉಸಿರೆಳೆದಳು. ‘ಉಸರ ಬಿಡs, ಎಣಸು’ ಎಂದದ್ದು ನಾನಲ್ಲ, ಹಗ್ಗ ಹಿಡಿದ ಅವಳ ಅಜ್ಜಿ. ಹುಡುಗಿ ಜೋರಾಗಿ ಎಣಿಸತೊಡಗಿದಳು. ಎಪ್ಪತ್ತರ ಸುಮಾರಿಗೆ ಎಣಿಕೆ ನಿಂತಿತು. ಗಾಬರಿಯಾಗಿ ಬಗ್ಗಿ ನೋಡಿದೆ. ಅಂಗಾತ ತೇಲುತ್ತಿದ್ದಳು. ಲೆಕ್ಕ ತಪ್ಪಿದ್ದು ನಗು ಬಂದದ್ದಕ್ಕೆ.

ನಾನು ಅಂದು ದಂಡೆಯ ಮೇಲೆ ಅವಳ ಚಪ್ಪಲಿ, ವೇಲ್ ಹಿಡಿದುಕೊಂಡು ನಿಂತಿದ್ದೆ. ಅಂಥ ಕಷ್ಟದ ಕೆಲಸವೇನೂ ಅಲ್ಲ.