ಬಾಖನ ಎರಡು ಆವರ್ತಗಳು

ಪಾಶ್ಚಾತ್ಯರ ದೇವಾಲಯಗಳಲ್ಲಿ ಆರ್ಗನ್ ಎಂಬ ಮಹಾವಾದ್ಯವುಂಟು. ತಿದಿಯ ಗಾಳಿಯು ನೂರಾರು ಕೊಳವೆಗಳನ್ನು ಹೊಕ್ಕು ನುಡಿಯುವುದು. ವಾದಕನು ಕೈಗಳಿಂದ ಮೇಲಿನ ಮಣೆಗಳನ್ನೂ ಕಾಲುಗಳಿಂದ ಕೆಳಗಿನ ಮಣೆಗಳನ್ನೂ ಒತ್ತುತ್ತ, ಏಕಕಾಲದಲ್ಲಿ ಮೂರು ನಾಲ್ಕು ಸ್ವರಧಾರೆಗಳನ್ನು ಹರಿಯಿಸುವನು. ಈ ವಾದ್ಯಕ್ಕಾಗಿ ಕೃತಿರಚಿಸಿದವರಲ್ಲಿ ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖನು (1685–1750) ಅಗ್ರಗಣ್ಯನು.

ಈತನು ವೈಮಾರಿನ ಆಸ್ಥಾನದಲ್ಲಿದ್ದಾಗ ಒಂದು ಚಿಕ್ಕ ಹೊತ್ತಗೆಯಲ್ಲಿ 164 ಸ್ತೋತ್ರಗೀತಗಳ ಹೆಸರುಗಳನ್ನು ಪುಟಗಳ ತಲೆಯಲ್ಲಿ ಬರೆದಿಟ್ಟನು. ಅವುಗಳಲ್ಲಿ ರಚನೆಯಾದುವು 46 ಮಾತ್ರ. ಮಿಕ್ಕವುಗಳಲ್ಲಿ ಒಂದರ ಹೊರತು ಎಲ್ಲವೂ ಬರಿದು. ಆ ಒಂದು, ಯೇಸುವಿನ ಸಮಾಧಿಯ ಶೋಕಗೀತ. ಅದಕ್ಕೆ ‘ಅತಿವಿಲಂಬ’ವೆಂದು ಗತಿಯನ್ನು ಸೂಚಿಸಿ, ಎರಡು ಆವರ್ತಗಳನ್ನು ಬರೆದು, ಲೇಖನಿಯನ್ನು ಕೆಳಗಿಟ್ಟನು.

ಬಾಖನು ಸೋಮಾರಿಯಲ್ಲ. 1717ರಲ್ಲಿ, ಬಿಡುಗಡೆಯನ್ನು ಹಟಹಿಡಿದು ಕೇಳಿದನೆಂದು ವೈಮಾರಿನ ದೊರೆಯು ಆತನನ್ನು ಸುಮಾರು ನಾಲ್ಕು ವಾರ ಸೆರೆಯಲ್ಲಿಟ್ಟನು. ಬಳಿಕ ಸೇರಿದ ಕೋಥೆನ್ ಆಸ್ಥಾನದ ಮತಪದ್ಧತಿಯಲ್ಲಿ ಇಂತಹ ಆರ್ಗನ್ ಸಂಗೀತಕ್ಕೆ ಎಡೆಯಿರಲಿಲ್ಲ. ಅಲ್ಲಿ ಹೊತ್ತಗೆಯ ಮೊದಲ ಪುಟದಲ್ಲಿ, ಇದು ಹೊಸದಾಗಿ ಕಲಿಯುವ ವಾದಕನ ಅಭ್ಯಾಸಕ್ಕೆಂದು ಬರೆದನು. ಮೂರರಲ್ಲೊಂದು ಪಾಲೂ ತುಂಬದಿದ್ದ ಹೊತ್ತಗೆಯನ್ನು ಶಿಷ್ಯನ ಕೈಗಿತ್ತ ಈ ಧೈರ್ಯವು, ಪಾಠ ಹೇಳಿಯೇ ತಲೆನರೆತ ನಮಗೆ ಬಹು ಮೆಚ್ಚಿಗೆಯಾಯಿತು.

ಆತನ ಶೈಲಿಯ ಗುಟ್ಟು ಇಷ್ಟು: ಜನರು ಬಲ್ಲ ಗೀತವು ಸಾಮಾನ್ಯವಾಗಿ ಮೇಲಿನ ಧಾರೆಯಲ್ಲಿ ನಡೆಯುವುದು, ಕೆಳಗೆ, ಗೀತದ ಭಾವಕ್ಕೆ ತಕ್ಕ ಒಂದು ಕಿರಿಯ ಸ್ವರಗುಚ್ಛವು ಮೊದಲಿನಿಂದ ಕೊನೆಯವರೆಗೂ ಬಿಡದೆ ಹೆಣೆದುಕೊಳ್ಳುವುದು. ಆದಮನ ಪತನವನ್ನು ಕುರಿತ ಗೀತದಲ್ಲಿ ಕಾಲ್ಮಣೆಯ ಸ್ವರವು ಮತ್ತೆ ಮತ್ತೆ ದೊಡ್ಡ ಅಂತರದಿಂದ ಕೆಳಗೆ ಬೀಳುತ್ತದೆ. ಕೇಳುವವನಿಗೆ ವ್ಯಾಖ್ಯಾನವೇ ಬೇಡ.

ಬೀಜ ದೊರೆತ ಮೇಲೆ ಮರವನ್ನು ಬೆಳೆಸಬಾರದೇಕೆ ಎಂದು ಕೆಲವರು ಕೇಳುವರು. ಬಾಣಭಟ್ಟನು ಬಿಟ್ಟುಹೋದ ಕಾದಂಬರಿಯನ್ನು ಮಗನು ಮುಗಿಸಲಿಲ್ಲವೇ? ಮುಗಿಸಿದನು, ನಿಜ, ಆದರೆ ಪೂರ್ವಭಾಗವನ್ನು ಓದಿಬಂದವನಿಗೆ ಉತ್ತರಭಾಗದಲ್ಲಿ ಕೈ ಬದಲಾದುದು ತಿಳಿಯದಿರದು. ಈಚೆಗೆ ಅನೇಕ ಸಂಗೀತಗಾರರು ಬಾಖನ ಬರಿದಾದ ಪುಟಗಳ ಗೀತಗಳಿಗೆ ತಮ್ಮ ತಮ್ಮ ಹೆಸರಿನಿಂದಲೇ ಹೊಸ ರಚನೆಗಳನ್ನು ಮಾಡಿರುವರು. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಬಾಖನಂತೆ ನಟಿಸಿ ಆ ಶೋಕಗೀತವನ್ನು ಮುಗಿಸುವುದು ಮಾತ್ರ ನಮಗೆ ಒಪ್ಪದು. ಮೂರನೆಯ ಆವರ್ತದಲ್ಲಿ ಆತನು ಯಾವ ಕಡೆಗೆ ತಿರುಗುತ್ತಿದ್ದನೋ ಯಾರು ಬಲ್ಲರು?

ಮೊನ್ನೆ ನಮ್ಮ ಮೊಮ್ಮಗಳು ಅದನ್ನು ಕೇಳಿಸಿದಳು. ಸ್ವರವು ನಡುವೆಯೇ ನಿಂತಿತು. “ಇಷ್ಟೇನಾ ತಾತ?” ಎಂದಳು. ಇನ್ನೊಮ್ಮೆ ಹಾಕೆಂದೆವು.