ನೀರಿಗಿಳಿಯುವ ಮುನ್ನ

ಕೃಷ್ಣೆ ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನಲ್ಲಿದ್ದರೂ ಯರಗೇರಾದಂಥ ಊರುಗಳ ಮಕ್ಕಳಿಗೆ ಈಜಲು ನೀರು ವರ್ಷವಿಡೀ ದೊರೆಯದು. ಬಾವಿಗಳು ತುಂಬಿರುವಾಗ ಶಾಲೆ; ಬೇಸಗೆಯ ರಜೆ ಬಂದಾಗ ಬಾವಿಯ ನೀರು ತಳಕ್ಕಿಳಿದಿರುವುದು. ಹೀಗಿರುವಲ್ಲಿ ಭಾನುವಾರದ ಒಂದು ಘಳಿಗೆಯನ್ನು ಬಳಸುವ ಬಗೆಯೇ ವಿಚಾರಣೀಯ.

ಈಜಿನಲ್ಲಿ ಎಲ್ಲಕ್ಕಿಂತ ಕಠಿಣವಾದುದು ಉಸಿರಾಟ. ಇದನ್ನು ಮನೆಯಲ್ಲಿಯೇ ಸಾಧಿಸಬಹುದು. ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ, ತಾಯಿ ಬಳಿಯಲ್ಲಿ ಕುಳಿತಿರಲು, ಮಗುವು ಬಾಯಿಂದ ಉಸಿರೆಳೆದು ಮುಖವನ್ನು ಮುಳುಗಿಸಿ, ಮೂಗುಬಾಯಿಗಳಿಂದ ಮೆಲ್ಲನೆ ಗುಳುಗುಳನೆ ಬಿಡಬೇಕು. ಮುಖವನ್ನು ಪಕ್ಕಕ್ಕೆ ಹೊರಳಿಸಿ ಮತ್ತೆ ಎಳೆಯಬೇಕು. ಉಸಿರು ಬಿಗಿಹಿಡಿಯುವ ಪಂತ ಸರ್ವಥಾ ಬೇಡ. ಅದರಿಂದ ಪ್ರಜ್ಞೆ ತಪ್ಪುವುದುಂಟು. ಮಂಚದಂಚಿನಲ್ಲಿ ಬೋರಲು ಮಲಗಿ ತೊಡೆಯಿಂದ ಕಾಲಾಡಿಸುವುದನ್ನೂ ಕಲಿಯಬಹುದು. ಅಜ್ಜಿಯರು ನಕ್ಕರೆ ನಗಲಿ. ಹೆಣ್ಣುಮಕ್ಕಳಿಗೂ ಇದನ್ನು ಕಲಿಸತಕ್ಕದ್ದು. ಬಾವಿಯು ಗಂಡು ಹೆಣ್ಣೆಂದು ನೋಡಲಾರದಷ್ಟೆ.

ಆದರೆ ತೇಲುವುದನ್ನು ನೆಲವು ಕಲಿಸಲಾರದು. ಬೆದರಿದವನು ತಲೆಯೆತ್ತುವನು, ತಲೆ ಎದ್ದಷ್ಟೂ ಕಾಲು ಮುಳುಗುವುದು. ಎದೆಯಲ್ಲಿ ಗಾಳಿಯಿರುವಾಗ ದೇಹವು ಬಹುಮಟ್ಟಿಗೆ ತಾನೇ ತೇಲುವುದೆಂಬ ನಂಬಿಕೆ ನೀರಿನಲ್ಲಿಯೇ ಹುಟ್ಟಬೇಕು. ಆದುದರಿಂದ ಬಾವಿಗಿಳಿದ ದಿನ ಇದೊಂದನ್ನೇ ಸಾಧಿಸಲಿ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟುವ ಹಳೆಯ ಪದ್ಧತಿ ಒಳ್ಳೆಯದೇ. ಆದರೆ ಬುರುಡೆ ಒಡೆದೀತು, ಗಂಟು ಜಾರೀತು. ಈಜು ಬಲ್ಲ ಹಿರಿಯರೊಬ್ಬರು ನೀರಿನಲ್ಲಿ ಕೈಗೆಟಕುವಂತೆ ಇರಲೇಬೇಕು.

ಕಾಲುವೆಯ ಮಾತು ಬೇರೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಈ ಜಿಲ್ಲೆಗೆ ನೀರು ತರುತ್ತದೆ. ಸೆಳೆತವೂ ಜಾರುವ ಇಳಿಜಾರು ದಡವೂ ಕೂಡಿದ ಅಂಥಲ್ಲಿ, ಬಾವಿ ಬತ್ತಿದೆಯೆಂಬ ನೆವದಿಂದಲೂ, ಕಲಿಯುವವರನ್ನು ಇಳಿಸತಕ್ಕದ್ದಲ್ಲ.